ಮಳೆ ಬಿಟ್ಟ ಮೇಲೆ ನಮ್ಮ ಬೀದಿ

(ಭೂಮಿ ಹುಣ್ಣಿಮೆ ಕಳೆದ ಮೊದಲ ಭಾನುವಾರ ಶಿವಮೊಗ್ಗದ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತು ಇದು. ಅವತ್ತು ಬರಲಾಗದವರು ಬರೆದು ಕೊಡಿ ಎಂದು ಕೇಳಿದರು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ಇನ್ನೊಂದು ನಮಸ್ಕಾರ. ಭಾನುವಾರ ಸಂಜೆ ಆಟ ಬಿಟ್ಟು ಬಂದಿದ್ದೀರಿ.

ವಾಚನಾಲಯದವರು ಮನೆಗೆ ಬಂದು "ಟೀಚರ್, ಏನಾದರೂ ಮಾತಾಡಿ, ವಿಷಯ ನೀವೇ ಆರಿಸಿಕೊಳ್ಳಿ" ಎಂದರು. ಆಗ ಚುಕ್ಕಿ ನನ್ನ ಕಾಲ ಹತ್ತಿರ ಮಲಗಿತ್ತು. ಚುಕ್ಕಿ ನಮ್ಮ ನಾಯಿ. ನಿಮ್ಮಲ್ಲಿ ಅರ್ಧ ಜನಕ್ಕೆ ನನ್ನ ಹೆಸರು ಗೊತ್ತಿಲ್ಲದಿದ್ದರೂ ಅದರ ಹೆಸರು ಗೊತ್ತಿದೆ. ಏಳು ವರ್ಷದಿಂದ ದಿನಾ ಬೆಳಿಗ್ಗೆ ಆರೂವರೆಗೆ ನಾವಿಬ್ಬರೂ ಹೊರಡುತ್ತೇವೆ. ನಮ್ಮ ಗೇಟಿನಿಂದ ಹೊಳೆ ದಂಡೆವರೆಗೆ ಹೋಗಿ ಬರುವುದು. ಒಂದೇ ದಾರಿ, ಒಂದೇ ಹೊತ್ತು. ಆ ದಾರಿಯಲ್ಲಿ ಮಳೆ ಬಿಡುವ ಹೊತ್ತಿಗೆ ಕಾಣುವುದನ್ನೇ ಇವತ್ತು ಹೇಳುತ್ತೇನೆ ಎಂದುಕೊಂಡೆ.

ಮೊದಲು ಸ್ವಲ್ಪ ದೂರದ ಕಥೆ. ಕೆಲವು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಅಮೆರಿಕದ ಮಿನೆಸೊಟಾಕ್ಕೆ ಹೋಗಿದ್ದೆ. ನಾನು ಹೋದಾಗ ಫೆಬ್ರವರಿ. ಅವರ ಮನೆಯಲ್ಲೂ ಒಂದು ನಾಯಿ. ಮಗು ಮಲಗಿದಾಗ ಅದನ್ನು ಸುತ್ತಾಡಿಸುವ ಕೆಲಸ ನನ್ನದಾಯಿತು. ಹೋದ ಹೊಸತರಲ್ಲಿ ಬೀದಿ ಎಂದರೆ ಬರೀ ಬಿಳಿ. ಯಾರ ಮನೆ ಎಲ್ಲಿ ಮುಗಿಯುತ್ತದೆ, ರಸ್ತೆ ಎಲ್ಲಿ ಶುರುವಾಗುತ್ತದೆ ಒಂದೂ ಗೊತ್ತಾಗುತ್ತಿರಲಿಲ್ಲ. ಮಾರ್ಚ್ ಬಂತು. ಹಗಲು ಹಿಮ ಕರಗುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ದಿನಾ ಒಂದೊಂದು ಗೇಣು ನೆಲ ಹೊರಗೆ ಬರುತ್ತದೆ. ನೆಲದ ಜೊತೆ ಏನೆಲ್ಲ ಬಂತು ಅಂತೀರಿ! ಒಂಟಿ ಕೈಗವಸು. ಮಗುವಿನ ಪ್ಲಾಸ್ಟಿಕ್ ಗುದ್ದಲಿ. ನವೆಂಬರಿನಲ್ಲಿ ಯಾರೋ ಎಸೆದ ಪೇಪರು. ಚಳಿಗಾಲ ಪೂರ್ತಿ ನಾಯಿಗಳು ಮಾಡಿಟ್ಟದ್ದೂ ಸಾಲಾಗಿ ಹೊರಬಂತು. ಹಿಮದಲ್ಲಿ ಕಾಲು ಜಾರದಿರಲಿ ಎಂದು ರಸ್ತೆಗೆ ಹಾಕಿದ ಮರಳು, ಉಪ್ಪು ಎಲ್ಲ ಅಂಚಿನಲ್ಲಿ ಗುಡ್ಡೆಯಾಗಿತ್ತು. ಆ ಉಪ್ಪು ನಾಯಿಯ ಪಾದಕ್ಕೆ ಉರಿ. ಮನೆಗೆ ಬಂದ ತಕ್ಷಣ ಬೆಚ್ಚಗಿನ ನೀರಲ್ಲಿ ನಾಲ್ಕೂ ಕಾಲು ತೊಳೆಯುತ್ತಿದ್ದೆ.

ಎದುರು ಮನೆಯಲ್ಲಿ ಒಬ್ಬ ಮುದುಕರು ಇದ್ದರಂತೆ. ನಾನು ಹೋದ ಮೇಲೆ ಒಂದು ದಿನವೂ ನೋಡಿರಲಿಲ್ಲ. ಮಾರ್ಚ್ ಕೊನೆಗೆ ಒಂದು ಬಿಸಿಲಿನ ದಿನ ಅವರು ಕುರ್ಚಿ ತಂದು ಹೊರಗೆ ಕೂತರು. ಮಗಳು ಕಿಟಕಿಯಿಂದ ನೋಡಿ "ಅಮ್ಮಾ, ಅವರು ಇದ್ದಾರೆ!" ಎಂದಳು. ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಇಪ್ಪತ್ತು ಹೆಜ್ಜೆ ದೂರದ ಮನೆಯವರು ಇದ್ದಾರೋ ಇಲ್ಲವೋ ಎಂದು ತಿಳಿಯಲು ಹಿಮ ಕರಗಬೇಕಾಯಿತಲ್ಲ ಎಂದು. ಇಂಥದ್ದು ನಮ್ಮ ಊರಲ್ಲಿ ಆಗುವುದಿಲ್ಲ ಎಂದುಕೊಂಡಿದ್ದೆ. ಅದು ತಪ್ಪು. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಹಿಮ ಇಲ್ಲ, ಮಳೆ ಇದೆ. ಮಳೆಯೂ ಮುಚ್ಚುತ್ತದೆ. ಹಿಮ ಮೇಲಿನಿಂದ ಮುಚ್ಚಿದರೆ, ಮಳೆ ನಮ್ಮನ್ನು ಒಳಗೆ ಕೂರಿಸಿ ಮುಚ್ಚುತ್ತದೆ.

ಮಳೆಯ ಲೆಕ್ಕ ನಮಗೆ ನಕ್ಷತ್ರದ ಲೆಕ್ಕ. ಮಕ್ಕಳಿಗಾಗಿ ಹೇಳುತ್ತೇನೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು ಸುಮಾರು 13, 14 ದಿನ. ಆ ನಕ್ಷತ್ರದ ಹೆಸರೇ ಆ ಮಳೆಗೆ. ಜೂನಿನಲ್ಲಿ ಮೃಗಶಿರ, ಆಮೇಲೆ ಆರಿದ್ರಾ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎನ್ನುತ್ತಾರಲ್ಲ, ಅದು. ಪುನರ್ವಸು, ಪುಷ್ಯ, ಆಶ್ಲೇಷ. ಈ ಮೂರರಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಆಕಾಶ ಕಾಣುವುದೇ ಇಲ್ಲ. ನಂತರ ಮಘೆ, ಹುಬ್ಬೆ, ಉತ್ತರೆ. ಸೆಪ್ಟೆಂಬರ್ ಕೊನೆಗೆ ಹಸ್ತ. ಈಗ ಚಿತ್ತೆ ನಡೆಯುತ್ತಿದೆ. ಮುಂದೆ ಸ್ವಾತಿ. ಚಿತ್ತೆಯನ್ನು ಕುರುಡು ಚಿತ್ತೆ ಎನ್ನುತ್ತಾರೆ. ಎಲ್ಲಿ ಬೀಳುತ್ತದೋ ಅದಕ್ಕೇ ಗೊತ್ತಿಲ್ಲ. ಮೊನ್ನೆ ನಮ್ಮ ಬೀದಿಯ ಆ ತುದಿಯಲ್ಲಿ ಸುರಿಯಿತು, ಈ ತುದಿಯಲ್ಲಿ ಬಟ್ಟೆ ಒಣಗುತ್ತಿತ್ತು. ನೋಡಿದಿರಲ್ವಾ?

ಶಿವಮೊಗ್ಗದ ಮಳೆ ನಿಜಕ್ಕೂ ಅಂಥ ದೊಡ್ಡ ಮಳೆಯಲ್ಲ. ನೂರು ಕಿಲೋಮೀಟರ್ ಒಳಗಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ನಮ್ಮಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೆ ಅಲ್ಲಿ ಘಟ್ಟದ ಈಚೆ ಬಿದ್ದ ಮಳೆ ತುಂಗೆಯಾಗಿ ನಮ್ಮ ಊರ ನಡುವೆ ಹೋಗುತ್ತದೆ. ಹಾಗಾಗಿ ನಾವು ಎರಡು ಮಳೆಯ ಜನ. ಒಂದು ತಲೆ ಮೇಲೆ ಬೀಳುವುದು, ಇನ್ನೊಂದು ಹೊಳೆಯಲ್ಲಿ ಬರುವುದು.

ಈಗ ದಾರಿಗೆ ಬರೋಣ.

ಮಳೆ ಬಿಟ್ಟಿತು ಎಂದು ನನಗೆ ಗೊತ್ತಾಗುವುದು ಕಾಂಪೌಂಡಿನಿಂದ. ನಮ್ಮ ಬೀದಿಯ ಕಾಂಪೌಂಡುಗಳ ಮೇಲೆ ಜುಲೈನಲ್ಲಿ ಹಾವಸೆ ಮಖಮಲ್ಲಿನ ಹಾಗೆ ಇರುತ್ತದೆ. ಅಕ್ಟೋಬರಿನಲ್ಲಿ ಅದು ಅಂಚಿನಿಂದ ಕಂದಾಗುತ್ತಾ ಬರುತ್ತದೆ. ಆಮೇಲೆ ಕಪ್ಪು. ಕೊನೆಗೆ ಒಣಗಿ ಹಪ್ಪಳದಂತೆ ಎದ್ದು ಬರುತ್ತದೆ. ಚುಕ್ಕಿ ಮೂಗಿನಿಂದ ತಾಗಿಸಿದರೆ ಸಾಕು, ಉದುರುತ್ತದೆ. ಮೂಲೆ ಮನೆಯ ಗೋಡೆಯ ಬಿರುಕಿನಲ್ಲಿ ಒಂದು ಜರೀಗಿಡ ಇದೆ. ಪ್ರತಿ ವರ್ಷ ಒಣಗುತ್ತದೆ, ಪ್ರತಿ ವರ್ಷ ಅದೇ ಬಿರುಕಿನಿಂದ ಬರುತ್ತದೆ. ಆ ಮನೆಯವರು ಎರಡು ಸಲ ಬಣ್ಣ ಬದಲಿಸಿದರು. ಗಿಡ ಬದಲಾಗಲಿಲ್ಲ.

ಆಮೇಲೆ ಹೊದಿಕೆಗಳು. ಹಳ್ಳಿಯಲ್ಲಿ ನಾವು ಚಿಕ್ಕವರಿದ್ದಾಗ ಮಳೆ ಹೊಡೆಯುವ ಕಡೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಜಗಲಿ ಗುಹೆಯಂತೆ ಕತ್ತಲು. ಇಲ್ಲಿ ಪೇಟೆಯಲ್ಲಿ ತಟ್ಟಿ ಇಲ್ಲ, ನೀಲಿ ಟಾರ್ಪಾಲು, ಹಳದಿ ಪ್ಲಾಸ್ಟಿಕ್ ಹಾಳೆ. ಹಸ್ತ ಮಳೆ ಮುಗಿಯುವಾಗ ಒಂದೊಂದೇ ಮನೆಯವರು ಬಿಚ್ಚುತ್ತಾರೆ. ಬಿಚ್ಚಿದ ದಿನ ಆ ಮನೆ ಹೊಸ ಮನೆಯ ಹಾಗೆ ಕಾಣುತ್ತದೆ. ಒಳಗೆ ಒಂದು ಕಿಟಕಿ ಇತ್ತು ಎಂದು ಆಗ ನೆನಪಾಗುತ್ತದೆ.

ಮೊದಲ ಗಟ್ಟಿ ಬಿಸಿಲಿನ ದಿನ ನಮ್ಮ ಬೀದಿ ನೋಡಬೇಕು. ಅದು ನನಗೆ ಯಾವ ಹಬ್ಬಕ್ಕೂ ಕಡಿಮೆಯಲ್ಲ. ಎಲ್ಲರ ಮನೆಯೂ ಹೊರಗೆ ಬಂದಿರುತ್ತದೆ. ಕಾಂಪೌಂಡಿನ ಮೇಲೆ ಹಾಸಿಗೆ, ದಿಂಬು, ಕಂಬಳಿ. ಟೆರೇಸಿನಿಂದ ಇಳಿಬಿಟ್ಟ ಜಮಖಾನ. ಬೂಷ್ಟು ಹಿಡಿದ ಚರ್ಮದ ಚಪ್ಪಲಿ, ಬೆಲ್ಟು, ಶಾಲೆ ಬ್ಯಾಗು. ಒಬ್ಬರು ಹಳೇ ಫೋಟೋ ಆಲ್ಬಮ್ಮನ್ನು ಮೊರದಲ್ಲಿ ಬಿಡಿಸಿ ಬಿಸಿಲಿಗೆ ಇಟ್ಟಿದ್ದರು. ಮದುವೆಯ ಫೋಟೋಗಳು. ಅವರ ಮದುವೆಯಲ್ಲಿ ನಾನೂ ಊಟ ಮಾಡಿದ್ದೆ. ಅಲ್ಲೇ ನಿಂತು ನೋಡಿದೆವು. ಚುಕ್ಕಿ ದಿಂಬುಗಳ ವಾಸನೆ ನೋಡಿತು. ಆ ವಾಸನೆಯಲ್ಲಿ ಮೂರು ತಿಂಗಳ ಅಡುಗೆ, ಕಷಾಯ, ಅಮೃತಾಂಜನ ಎಲ್ಲ ಇದ್ದಿರಬೇಕು.

ವಾಸನೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು, ಬಿಡುವುದು ಕಷ್ಟ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶ ಸುಮಾರು 50, 60 ಲಕ್ಷ. ನಾಯಿಯ ಮೂಗಿನಲ್ಲಿ 20 ಕೋಟಿಗೂ ಜಾಸ್ತಿ. ನಾಯಿಯ ಮೂಗಿನ ಹೊಳ್ಳೆಯ ಪಕ್ಕದಲ್ಲಿ ಒಂದೊಂದು ಸೀಳು ಇರುವುದನ್ನು ನೋಡಿದ್ದೀರಾ? ಇವತ್ತು ಮನೆಗೆ ಹೋಗಿ ನೋಡಿ. ಉಸಿರು ಒಳಗೆ ಹೋಗುವುದು ಮುಂದಿನಿಂದ, ಹೊರಗೆ ಬರುವುದು ಆ ಸೀಳಿನಿಂದ ಪಕ್ಕಕ್ಕೆ. ಅದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ನಾವು ಬಾಗಿ ಮೂಸಿದರೆ ನಮ್ಮ ಉಸಿರೇ ವಾಸನೆಯನ್ನು ಊದಿಬಿಡುತ್ತದೆ.

ಜೋರು ಮಳೆಯಲ್ಲಿ ಚುಕ್ಕಿ ಬೇಗ ಬೇಗ ನಡೆಯುತ್ತದೆ. ನಿಲ್ಲಲು ಅದಕ್ಕೆ ಏನೂ ಇರುವುದಿಲ್ಲ. ನೆಲದ ವಾಸನೆಯೆಲ್ಲ ತೊಳೆದು ಹೋಗಿರುತ್ತದೆ. ಮಳೆ ಬಿಟ್ಟು ನೆಲ ಹಸಿಯಾಗೇ ಇದ್ದು, ಮೇಲೆ ಎಳೆ ಬಿಸಿಲು ಬಿದ್ದರೆ ಆಗ ವಾಸನೆ ಏಳುತ್ತದೆ. ಆಗ ಹದಿನೈದು ನಿಮಿಷದ ದಾರಿಗೆ ನಲವತ್ತು ನಿಮಿಷ ಬೇಕು. ಪ್ರತಿ ಕಂಬ, ಪ್ರತಿ ಕಲ್ಲು ಓದಬೇಕು. ಮಿನೆಸೊಟಾದಲ್ಲೂ ಹೀಗೇ ಇತ್ತು. ಚಳಿಗೆ ವಾಸನೆಯ ಕಣ ಗಾಳಿಗೆ ಏಳುವುದು ಕಡಿಮೆ. ಹಿಮ ಕರಗಿದ ವಾರ ಆ ನಾಯಿಯನ್ನು ಒಂದು ಪೊದೆಯಿಂದ ಎಳೆದುಕೊಂಡು ಹೋಗಲು ಆಗುತ್ತಿರಲಿಲ್ಲ. ನಾಲ್ಕು ತಿಂಗಳ ಸುದ್ದಿ ಒಟ್ಟಿಗೆ ಬಂದಿತ್ತು ಅದಕ್ಕೆ.

ಮೊದಲ ಮಳೆಯ ಮಣ್ಣಿನ ವಾಸನೆಗೆ ಎಲ್ಲರೂ ಮಾರುಹೋಗುತ್ತಾರೆ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಕೊನೆಯ ಮಳೆಯ ವಾಸನೆಗೆ ಯಾರೂ ಹೆಸರಿಟ್ಟಂತಿಲ್ಲ. ನನಗೆ ಅದೇ ಹೆಚ್ಚು ಇಷ್ಟ. ಒಣಗುವ ಹಾವಸೆ, ಕೊಳೆತ ಎಲೆ, ಬಿಸಿಯಾಗುತ್ತಿರುವ ಹಂಚು, ಯಾರದೋ ಮನೆಯ ಒಲೆಯ ಹೊಗೆ. ಇಷ್ಟೂ ಸೇರಿದ ವಾಸನೆ. ನನ್ನ ಬಡ ಮೂಗಿಗೆ ಇಷ್ಟು ಸಿಕ್ಕರೆ ಚುಕ್ಕಿಗೆ ಇನ್ನೆಷ್ಟು!

ಹೊಳೆಗೆ ಬಂದೆವು. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ನಿಮಗೆಲ್ಲ ಗೊತ್ತು. ಶಿವಮೊಗ್ಗದವರಿಗೆ ಅದೇ ಅಳತೆಗೋಲು. ಗಾಜನೂರು ಡ್ಯಾಂ ಚಿಕ್ಕದು, ಮಳೆಗಾಲದ ಶುರುವಲ್ಲೇ ತುಂಬುತ್ತದೆ. ಗೇಟು ತೆಗೆದರೆ ನೀರು ನೇರ ಇಲ್ಲಿಗೆ. "ಮಂಟಪ ಮುಳುಗ್ತಾ?" ಎಂದು ಹಾಲಿನ ಅಂಗಡಿಯಲ್ಲಿ ಕೇಳುತ್ತೇವೆ. ಮುಳುಗಿದರೆ ಜನ ಜಾತ್ರೆಯಂತೆ ನೋಡಲು ಬರುತ್ತಾರೆ. ಆದರೆ ಮಂಟಪ ಮತ್ತೆ ಮೇಲೆ ಬರುವುದನ್ನು ನೋಡಲು ಯಾರೂ ಬರುವುದಿಲ್ಲ. ನಾನು ನೋಡಿದ್ದೇನೆ. ಮೊದಲು ಮೇಲ್ಛಾವಣಿ, ಒಂದೆರಡು ದಿನ ಬಿಟ್ಟು ಕಂಬ. ಕಂಬಕ್ಕೆ ಸುತ್ತಿಕೊಂಡ ಬಳ್ಳಿ, ಬಟ್ಟೆ, ಬಿದಿರಿನ ತುಂಡು. ಅದರ ಮೇಲೆ ಒಂದು ನೀರುಕಾಗೆ ರೆಕ್ಕೆ ಬಿಡಿಸಿ ಕೂತಿತ್ತು.

ಈಗ ದಂಡೆಯ ಪೊದೆಗಳಲ್ಲಿ ಒಂದು ಗೆರೆ ಕಾಣುತ್ತದೆ. ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೆ ಕೊಂಬೆಗಳಿಗೆ ಪ್ಲಾಸ್ಟಿಕ್ ಚೀಲ, ಹರಿದ ಸೀರೆ, ಹೂವಿನ ಹಾರದ ನೂಲು ಸಿಕ್ಕಿ ನೇತಾಡುತ್ತವೆ. ನನ್ನ ತಲೆಗಿಂತ ಮೇಲೆ. ಗಂಗಾ ಸ್ನಾನ, ತುಂಗಾ ಪಾನ ಎಂದು ಹೆಮ್ಮೆಯಿಂದ ಹೇಳುವ ಊರು ನಮ್ಮದು. ಆ ಚೀಲಗಳನ್ನು ನೋಡಿದಾಗ ನನಗೆ ನಿಜವಾಗಿ ದುಃಖ ಆಗುತ್ತದೆ. ಹೊಳೆ ನಾವು ಕೊಟ್ಟದ್ದನ್ನೇ ಎತ್ತಿ ತೋರಿಸುತ್ತಿದೆ. ದಸರಾ ರಜೆಯಲ್ಲಿ ಬೀದಿಯ ಮಕ್ಕಳು ನಾಲ್ವರು ನನ್ನ ಜೊತೆ ಬಂದು ಎರಡು ಗೋಣಿಚೀಲ ತುಂಬಿಸಿದರು. ಅವರು ಇಲ್ಲೇ ಕೂತಿದ್ದಾರೆ. ಅವರಿಗೆ ಇನ್ನೊಂದು ಸಲ ಥ್ಯಾಂಕ್ಸ್.

ಈಗ ಆಮೇಲೆ ಹೇಳುತ್ತೇನೆ ಎಂದಿದ್ದ ಮಾತು.

ನಮ್ಮ ಬೀದಿಯ ಕೊನೆಗೆ ಒಂದು ಹಂಚಿನ ಮನೆ. ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಹೆಸರು ಬೇಡ. ಬೇಸಿಗೆಯಲ್ಲಿ ದಿನಾ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಾರೆ. ಚುಕ್ಕಿಗೆ ಅವರಿಂದ ದಿನಾ ಒಂದು ಚೂರು ಅಕ್ಕಿ ರೊಟ್ಟಿ. ಮಳೆ ಶುರುವಾದ ಮೇಲೆ ಜಗಲಿಗೆ ಟಾರ್ಪಾಲು ಬಂತು, ಬಾಗಿಲು ಮುಚ್ಚಿತು. ಆದರೂ ಚುಕ್ಕಿ ದಿನಾ ಅಲ್ಲಿ ನಿಲ್ಲುತ್ತಿತ್ತು. ನಾನು ಕೊಡೆ ಹಿಡಿದುಕೊಂಡು, ಸೀರೆ ನೆರಿಗೆ ಎತ್ತಿಕೊಂಡು, "ಬಾರೇ, ಇವತ್ತೂ ಇಲ್ಲ" ಎಂದು ಎಳೆಯುತ್ತಿದ್ದೆ. ಅಜ್ಜಿ ಮಗನ ಮನೆಗೆ ಹೋಗಿರಬೇಕು ಎಂದುಕೊಂಡೆ. ಕೇಳಲಿಲ್ಲ. ಬಾಗಿಲು ತಟ್ಟಲಿಲ್ಲ. ಪುಷ್ಯ ಹೋಯಿತು, ಆಶ್ಲೇಷ ಹೋಯಿತು, ಮಘೆ ಹೋಯಿತು.

ಹಸ್ತ ಮಳೆಯಲ್ಲಿ ಒಂದು ದಿನ ಬೆಳಿಗ್ಗೆ ಟಾರ್ಪಾಲು ಇರಲಿಲ್ಲ. ಅಜ್ಜಿ ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಒಂದು ಊರುಗೋಲು. ಬೇಸಿಗೆಯಲ್ಲಿ ಅದು ಇರಲಿಲ್ಲ. ಚುಕ್ಕಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು.

"ಬಂದ್ಯಾ ಮಾರಾಯ್ತಿ?" ಎಂದು ಅಜ್ಜಿ ಅದರ ತಲೆ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು: "ದಿನಾ ಇದರ ಗೆಜ್ಜೆ ಸದ್ದು ಕೇಳ್ತಿತ್ತು ಮಗಾ. ಗೇಟ್ ಹತ್ರ ಬಂದು ನಿಲ್ತಿತ್ತು. ಆಮೇಲೆ ನೀನು ಎಳ್ಕೊಂಡು ಹೋಗ್ತಿದ್ದೆ."

ಆಶ್ಲೇಷ ಮಳೆಯ ಒಂದು ಸಂಜೆ ಅವರು ಹಿತ್ತಲ ಮೆಟ್ಟಿಲಿನ ಹಾವಸೆಯಲ್ಲಿ ಜಾರಿ ಬಿದ್ದಿದ್ದರು. ಸೊಂಟಕ್ಕೆ ಪೆಟ್ಟು. ಮಗ ಬಂದು ಆಸ್ಪತ್ರೆಗೆ ತೋರಿಸಿ, ಕೆಲಸಕ್ಕೆ ಒಬ್ಬಳನ್ನು ಗೊತ್ತು ಮಾಡಿ ಹೋಗಿದ್ದ. ಎರಡು ತಿಂಗಳು ಮಂಚದ ಮೇಲೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ನಾಲ್ಕು ಮನೆ. ನನಗೆ ಗೊತ್ತಿರಲಿಲ್ಲ.

ಅವತ್ತು ಮಿನೆಸೊಟಾದ ಮುದುಕರು ನೆನಪಾದರು. ಮಗಳ ಮಾತೂ ನೆನಪಾಯಿತು. ಆ ಊರಿನವರನ್ನು ನಾನು ಮನಸ್ಸಲ್ಲೇ ದೂರಿದ್ದೆ. ನಾಯಿ ಎರಡು ತಿಂಗಳು ದಿನಾ ಒಂದೇ ಗೇಟಿನ ಮುಂದೆ ನಿಂತು ಹೇಳುತ್ತಿದ್ದರೂ ನಾನು ಹಗ್ಗ ಎಳೆದೆ. ಈ ಮಾತು ಹೇಳಬೇಕು ಎಂದೇ ಇವತ್ತು ಬಂದದ್ದು. ಮುಂದಿನ ಮಳೆಗಾಲದಲ್ಲಿ ಟಾರ್ಪಾಲು ಕಟ್ಟಿದ ಮನೆಯ ಬಾಗಿಲನ್ನು ವಾರಕ್ಕೊಮ್ಮೆ ತಟ್ಟೋಣ. ಯಾರು ಯಾವ ಮನೆ ಎಂದು ಬೇಕಾದರೆ ಇವತ್ತೇ ಬರೆದುಕೊಳ್ಳೋಣ. ಮೆಟ್ಟಿಲಿನ ಹಾವಸೆಯನ್ನು ಮಳೆ ಬಿಡುವವರೆಗೆ ಕಾಯದೆ ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿ ಪೊರಕೆಯಲ್ಲಿ ಉಜ್ಜಬೇಕು. ವಯಸ್ಸಾದವರ ಕೈಲಿ ಆಗುವುದಿಲ್ಲ. ಹುಡುಗರು ಮಾಡಬೇಕು. ಉಜ್ಜಿದ ಮೇಲೆ ಚೆನ್ನಾಗಿ ನೀರು ಹಾಕಿ, ಇಲ್ಲದಿದ್ದರೆ ನಾಯಿ ಬೆಕ್ಕಿನ ಪಾದಕ್ಕೆ ಉರಿ.

ಭಾನುವಾರಗಳಲ್ಲಿ ನಮಗೆ ಇನ್ನೊಂದು ದಾರಿಯೂ ಇದೆ. ಗಾಜನೂರು ದಾಟಿ ತೀರ್ಥಹಳ್ಳಿ ರಸ್ತೆಯಲ್ಲಿ ನನ್ನ ತಮ್ಮನ ಅಡಿಕೆ ತೋಟಕ್ಕೆ ಹೋಗುತ್ತೇವೆ. ಅಲ್ಲಿ ಮಳೆ ಬಿಡುವುದು ಎಂದರೆ ಉಸಿರು ಬಿಡುವುದು. ಮೂರು ತಿಂಗಳು ಕೊಳೆರೋಗದ ಚಿಂತೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸಲು ಒಂದು ದಿನ ಬಿಸಿಲು ಸಿಗಲಿ ಎಂದು ಆಕಾಶ ನೋಡುವುದು. ಆ ನೀಲಿ ಕಲೆ ಮರದ ಬುಡದಲ್ಲಿ, ಕಲ್ಲಿನ ಮೇಲೆ ಈಗಲೂ ಕಾಣುತ್ತದೆ. ಈಗ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವ ಕಾಲ. ಅಂಗಳದಲ್ಲಿ ಹಸಿ ಅಡಿಕೆಯ ರಾಶಿ. ನಮ್ಮ ಅಮ್ಮನ ಕಾಲದಲ್ಲಿ ರಾತ್ರಿ ಇಡೀ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು, ಕಥೆ ಹೇಳುತ್ತಾ. ಈಗ ಮಿಷನ್ನು ಬಂದಿದೆ. ಆದರೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದ, ವಾಸನೆ ಅದೇ. ಒಗರು, ಸ್ವಲ್ಪ ಸಿಹಿ. ರಸ್ತೆಯಲ್ಲಿ ಹೋಗುವಾಗಲೇ ಯಾರ ಮನೆಯಲ್ಲಿ ಹಂಡೆ ಕುದಿಯುತ್ತಿದೆ ಎಂದು ಗೊತ್ತಾಗುತ್ತದೆ. ಒಣಹಾಕಿದ ಅಡಿಕೆಯ ಮೇಲೆ ಮಾತ್ರ ನಾಯಿ ಬಿಡಬೇಡಿ. ಅದು ಒಂದು ಮನೆಯ ಇಡೀ ವರ್ಷದ ಅನ್ನ.

ಹೋದ ವಾರ ಭೂಮಿ ಹುಣ್ಣಿಮೆ ಇತ್ತಲ್ಲ. ಅವತ್ತು ನಸುಕಿನಲ್ಲಿ ತಮ್ಮನ ಜೊತೆ ಗದ್ದೆಗೆ ಹೋಗಿದ್ದೆ. ಬತ್ತ ಹೊಡೆ ಬಿಚ್ಚಿತ್ತು. ಬಸುರಿ ಭೂಮಿಗೆ ಬಯಕೆ ಊಟ. ಹತ್ತಾರು ಬಗೆಯ ಸೊಪ್ಪು ಬೇಯಿಸಿ ಮಾಡಿದ ಚರಗವನ್ನು ಕತ್ತಲಲ್ಲಿ ಕೂಗುತ್ತಾ ಬೀರುತ್ತಾರೆ. ಪಕ್ಕದ ಗದ್ದೆಯವರು ಸಾಗರ ಕಡೆಯ ದೀವರ ಸಮುದಾಯದವರು. ಅವರು ಚರಗ ಹೊತ್ತು ತಂದ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಇತ್ತು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆದ ಗೆರೆಗಳು. ಟಾರ್ಚಿನ ಬೆಳಕಲ್ಲಿ ನೋಡಿದೆ. ಅಷ್ಟು ಸಣ್ಣ ಗೆರೆ! ಮಳೆಗಾಲದಲ್ಲಿ ಒಳಗೆ ಕೂತು ಬರೆದದ್ದು ಎಂದರು ಆ ಮನೆಯ ಅತ್ತಿಗೆ. ಮಳೆ ಮುಚ್ಚಿಟ್ಟುಕೊಂಡ ಒಳ್ಳೆಯ ವಸ್ತುಗಳಲ್ಲಿ ಅದೂ ಒಂದು.

ನಾಯಿ ಇರುವವರಿಗೆ ಈಗ ಗಂಭೀರವಾದ ಮಾತು. ದಯವಿಟ್ಟು ಕೇಳಿಸಿಕೊಳ್ಳಿ.

ಮಳೆ ಇದ್ದಾಗ ನಮಗೆ ಇಂಬಳದ ಕಾಟ. ಅದು ರಕ್ತ ಹೀರಿ ಬಿದ್ದು ಹೋಗುತ್ತದೆ, ಅಷ್ಟೇ. ನೆಲ ಒಣಗಿದ ಮೇಲೆ ಬರುವುದು ಉಣ್ಣೆ. ಅದು ಹಾಗಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಇವತ್ತಿಗೂ ಪ್ರಪಂಚದ ವೈದ್ಯಪುಸ್ತಕಗಳಲ್ಲಿ ಅದಕ್ಕೆ ಕ್ಯಾಸನೂರಿನದೇ ಹೆಸರು. ಅದನ್ನು ಹರಡುವುದು ಕಾಡಿನ ಉಣ್ಣೆ. ಅದರಲ್ಲೂ ಸಾಸಿವೆಯಷ್ಟು ಚಿಕ್ಕ ಮರಿ ಉಣ್ಣೆ. ಮಳೆ ಬಿಟ್ಟ ಮೇಲೆ, ನವೆಂಬರಿನಿಂದ ಮುಂದಿನ ಮಳೆಯವರೆಗೆ ಅವುಗಳ ಕಾಲ. ಮಂಗ ಸತ್ತರೆ ಅದರ ಮೈಯ ಉಣ್ಣೆಗಳು ಕೆಳಗಿಳಿದು ಇನ್ನೊಂದು ಜೀವ ಹುಡುಕುತ್ತವೆ. ಸೊಪ್ಪಿಗೆ, ದರಗಿಗೆ, ಸೌದೆಗೆ ಹೋದವರಿಗೆ ಹತ್ತುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ಪೇಟೆ ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಇರುವ ಉಣ್ಣೆ ಬೇರೆ ಜಾತಿಯದು. ಆದರೆ ಅದೂ ನಾಯಿಗೆ ರಕ್ತದ ಕಾಯಿಲೆ ತರುತ್ತದೆ.

ಹಾಗಾಗಿ ನಾನು ನವೆಂಬರಿನಿಂದ ತೋಟದ ಮೇಲಿನ ಕಾಡಿಗೆ ಚುಕ್ಕಿಯನ್ನು ಕರೆದುಕೊಂಡು ಹೋಗುವುದಿಲ್ಲ. ರಸ್ತೆ, ಅಂಗಳ ಅಷ್ಟೇ. ಮನೆಗೆ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡುತ್ತೇನೆ. ಉಣ್ಣೆ ಸಿಕ್ಕರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಬೇಕು. ಉಗುರಲ್ಲಿ ಹೊಸಕಬಾರದು. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇನ್ನೊಂದು, ರಸ್ತೆ ಗುಂಡಿಯಲ್ಲಿ ನಿಂತ ನೀರನ್ನು ಕುಡಿಯಲು ಬಿಡಬೇಡಿ. ಇಲಿಯ ಉಚ್ಚೆ ಸೇರಿದ ನೀರಿನಿಂದ ಇಲಿ ಜ್ವರ ಬರುತ್ತದೆ, ನಾಯಿಗೂ ನಮಗೂ. ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆ ಇದೆ. ರೇಬಿಸ್ ಲಸಿಕೆಯ ಜೊತೆಗೇ ಕೇಳಿ ಹಾಕಿಸಿ. ಬೀದಿ ನಾಯಿಗಳಿಗೂ ಹಾಕಿಸಲು ನಾವು ದುಡ್ಡು ಸೇರಿಸಬಹುದಲ್ವಾ? ಅವೂ ನಮ್ಮ ಬೀದಿಯವೇ.

ದೀಪಾವಳಿ ಹತ್ತಿರ ಬಂತು. ಪಟಾಕಿಯ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನಮ್ಮ ಕಡೆ ಹಳ್ಳಿಯಲ್ಲಿ ಅಂಟಿಕೆ ಪಂಟಿಕೆಯವರು ದೀಪ ಹೊತ್ತು, ಹಾಡಿಕೊಂಡು ಮನೆ ಮನೆಗೆ ಬರುತ್ತಿದ್ದರು. ಮನೆಯ ನಾಯಿ ಎರಡು ಸಲ ಬೊಗಳಿ ಸುಮ್ನಾಗುತ್ತಿತ್ತು. ಆ ರಾತ್ರಿಗಳು ನನಗೆ ಇವತ್ತಿಗೂ ಕಣ್ಣ ಮುಂದಿವೆ.

ಕೊನೆಗೆ ಒಂದು ಹಕ್ಕಿಯ ವಿಷಯ. ನಮ್ಮ ಬೀದಿ ತಿರುವಿನಲ್ಲಿ ಒಂದು ಮೋರಿ ಇದೆ. ಮಳೆಗಾಲದಲ್ಲಿ ಅದರ ನೀರು ರಸ್ತೆಗೆ ಬರುತ್ತದೆ. ಈಗ ಇಳಿದು ಕಲ್ಲುಗಳು ಕಾಣುತ್ತಿವೆ. ಆ ಕಲ್ಲುಗಳ ಮೇಲೆ ಸೆಪ್ಟೆಂಬರ್ ಕೊನೆಯಿಂದ ಒಂದು ಸಿಪಿಲೆ ಓಡಾಡುತ್ತಿದೆ. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲ. ಬಾಲ ಒಂದು ಕ್ಷಣ ಸುಮ್ಮನಿರುವುದಿಲ್ಲ. ಹೊಳೆಯ ಹತ್ತಿರ ಕಪ್ಪು ಬಿಳಿ ಸಿಪಿಲೆ ಇದೆಯಲ್ಲ, ಅದು ವರ್ಷವಿಡೀ ಇಲ್ಲಿಯದೇ. ಈ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಬರುವುದು. ಸುಮಾರು 2000 ಕಿಲೋಮೀಟರ್. ಬೇಸಿಗೆಯಲ್ಲಿ ಅಲ್ಲಿನ ಬೆಟ್ಟದ ತೊರೆಗಳ ಪಕ್ಕ ಗೂಡು ಕಟ್ಟುತ್ತದೆ. ಅಲ್ಲಿ ಚಳಿ ಬಂದಾಗ ಇಲ್ಲಿ ಮಳೆ ಕಡಿಮೆಯಾಗುತ್ತದೆ. ಆಗ ಇಲ್ಲಿಗೆ ಬರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಅಲ್ಲಿ ಹಿಮ ಕರಗುವಾಗ ಹೊರಟು ಹೋಗುತ್ತದೆ. ನಮ್ಮ ಮೋರಿಯ ಹಕ್ಕಿ ಎರಡೂ ಕಡೆಯ ನೆಲ ಹೊರಬರುವುದನ್ನು ನೋಡುತ್ತದೆ.

ಇಲ್ಲಿಗೆ ನನ್ನ ಮಾತು ಮುಗಿಸಿದ್ದೆ. ಆಮೇಲೆ ಒಂದೆರಡು ಪ್ರಶ್ನೆ ಬಂದವು. ಆರನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು "ಟೀಚರ್, ಆ ಹಕ್ಕಿ ನಾಳೆಯೂ ಇರುತ್ತಾ?" ಎಂದು ಕೇಳಿದಳು. ಆರೂವರೆಗೆ ಬಂದರೆ ನೋಡಬಹುದು ಎಂದೆ. ಬಾಗಿಲು ತಟ್ಟುವ ಮನೆಗಳ ಪಟ್ಟಿಯನ್ನು ವಾಚನಾಲಯದ ಹಳೇ ರಿಜಿಸ್ಟರಿನಲ್ಲಿ ಬರೆದೆವು. ಹದಿನಾರು ಮನೆ ಆಯಿತು.

ಮರುದಿನ ಬೆಳಿಗ್ಗೆ ಅವಳು ಬಂದಿದ್ದಳು. ಯೂನಿಫಾರ್ಮಿನ ಮೇಲೆ ಸ್ವೆಟರು, ಎಣ್ಣೆ ಹಚ್ಚಿದ ತಲೆ, ಕೈಯಲ್ಲಿ ತಿಂಡಿ ಡಬ್ಬಿ. ಚುಕ್ಕಿಯ ಗೆಜ್ಜೆ ಸದ್ದಾಗದಂತೆ ಕುತ್ತಿಗೆ ಪಟ್ಟಿ ಹಿಡಿದುಕೊಂಡು ಮೋರಿಯ ಕಟ್ಟೆಯ ಹಿಂದೆ ಕೂತೆವು. ಹತ್ತು ನಿಮಿಷ ಏನೂ ಇಲ್ಲ. ಮಂಜು ಇತ್ತು. ಆಮೇಲೆ ಕೆಳಗಿನ ಕಲ್ಲಿನ ಮೇಲೆ ಹಳದಿ ಮಿಂಚಿತು. ಅವಳು ನನ್ನ ಸೆರಗು ಹಿಡಿದು ಎಳೆದಳು. ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ. ಚುಕ್ಕಿಯೂ ಅಲುಗದೆ ಅತ್ತಲೇ ನೋಡುತ್ತಿತ್ತು.